ನೀಲಿ ದೀಪ ಮತ್ತು ಅಜ್ಜನ ಬಾವಿ

ಪ್ರೀತಿಯ ಪುಟ್ಟಿ,

ನಿನ್ನೆ ಫೋನಿನಲ್ಲಿ ನಿನಗೆ ಅರ್ಧ ಉತ್ತರ ಕೊಟ್ಟು ಇಟ್ಟುಬಿಟ್ಟೆ. ಮೆಣಸಿನ ಗಿಡಕ್ಕೆ ಹೊಡೆದ ಎಣ್ಣೆ, ಅಂದರೆ ಕೀಟನಾಶಕ, ಬಾವಿಗೆ ಇಳಿದಿದ್ದರೂ ಅಜ್ಜನ ಮನೆಯ ಫಿಲ್ಟರಿನ ಯುವಿ ದೀಪ ಅದನ್ನು ಸುಟ್ಟುಹಾಕುತ್ತದೆ ಅಲ್ವಾ ಅಂತ ಕೇಳಿದ್ದೆ. ಇಲ್ಲ ಮಗಳೇ.

ಕಳೆದ ವಾರ ನಮ್ಮ ಲ್ಯಾಬಿನಲ್ಲಿ ಇದನ್ನೇ ನೋಡುತ್ತಿದ್ದೆವು. ನೀರಿಗೆ ಚೂರೇ ಚೂರು ಕ್ಲೋರ್‌ಪೈರಿಫಾಸ್ ಎಂಬ ಕೀಟನಾಶಕ ಬೆರೆಸಿ ಎರಡು ಕ್ವಾರ್ಟ್ಜ್ ನಳಿಗೆಗಳಲ್ಲಿ ತುಂಬಿದೆವು. ಸಾದಾ ಗಾಜು ನಡೆಯುವುದಿಲ್ಲ, ಯುವಿ ದೀಪದ 254 ನ್ಯಾನೋಮೀಟರ್ ಬೆಳಕನ್ನು ಅದೇ ತಡೆದುಬಿಡುತ್ತದೆ. ಒಂದು ನಳಿಗೆಗೆ ಅಲ್ಯುಮಿನಿಯಂ ಫಾಯಿಲ್ ಸುತ್ತಿ ಎರಡನ್ನೂ ದೀಪದ ಪಕ್ಕ ಇಟ್ಟೆವು. ಈ ಔಷಧಿ ಗಾಜಿಗೂ ಅಂಟಿಕೊಳ್ಳುತ್ತದೆ. ಕತ್ತಲೆಯ ನಳಿಗೆಯಲ್ಲೂ ಅದು ಕಡಿಮೆಯಾಗಿದ್ದರೆ, ಅಷ್ಟನ್ನು ಬೆಳಕಿನ ಲೆಕ್ಕಕ್ಕೆ ಹಾಕುವಂತಿಲ್ಲ.

ಆಗಾಗ ಒಂದೊಂದು ಹನಿ ತೆಗೆದು ಎಚ್‌ಪಿಎಲ್‌ಸಿ ಯಂತ್ರಕ್ಕೆ ಕೊಡುತ್ತಾ ಹೋದೆವು. ನೀರಿನಲ್ಲಿರುವ ಒಂದೊಂದು ರಾಸಾಯನಿಕವನ್ನೂ ಬೇರ್ಪಡಿಸಿ, ಪರದೆಯ ಗೆರೆಯಲ್ಲಿ ಒಂದೊಂದು ಉಬ್ಬಾಗಿ, ಅಂದರೆ ಪೀಕ್ ಆಗಿ, ತೋರಿಸುವ ಯಂತ್ರ ಅದು. ಪರದೆಯ ಮೇಲೆ ಕ್ಲೋರ್‌ಪೈರಿಫಾಸ್‌ನ ಪೀಕ್ ಸಲದಿಂದ ಸಲಕ್ಕೆ ಕುಗ್ಗಿತು. ಆದರೆ ಅದರ ಎಡಗಡೆ, ಮೊದಲು ಚಪ್ಪಟೆಯಾಗಿದ್ದ ಗೆರೆಯಲ್ಲಿ, ಸಣ್ಣದೊಂದು ಗುಬುಟು ಎದ್ದಿತು. ಅದು ಆಕ್ಸಾನ್, ಕ್ಲೋರ್‌ಪೈರಿಫಾಸ್‌ನಿಂದಲೇ ಹುಟ್ಟುವ ಇನ್ನೊಂದು ರಾಸಾಯನಿಕ. ಗಂಧಕದ ಒಂದು ಪರಮಾಣು ಹೋಗಿ ಆ ಜಾಗಕ್ಕೆ ಆಮ್ಲಜನಕ ಬಂದಿರುತ್ತದೆ, ಅಷ್ಟೇ. ಆದರೆ ನಮ್ಮ ನರಗಳಿಗೆ ಬೇಕಾದ ಕಿಣ್ವವನ್ನು ಮೂಲ ಔಷಧಿಗಿಂತ ಇದೇ ಜಾಸ್ತಿ ಕಟ್ಟಿಹಾಕುತ್ತದೆ. ಬೆಳಕು ಇನ್ನೂ ಬಿದ್ದರೆ ಇದೂ ಒಡೆಯುತ್ತದೆ. ಆದರೆ ನಡುವೆ ದೀಪ ಆರಿಸಿದರೆ ಇದು ನೀರಿನಲ್ಲೇ ಉಳಿಯುತ್ತದೆ. ಅದಕ್ಕೇ ಯಾರಾದರೂ 'ಔಷಧಿ ಮಾಯವಾಯಿತು' ಅಂದರೆ ನನಗೆ ಸಮಾಧಾನ ಆಗುವುದಿಲ್ಲ. ಏನಾಯಿತು ಅಂತ ಕೇಳುತ್ತೇನೆ.

ಇನ್ನು ಮನೆಯ ಫಿಲ್ಟರ್. ಅದು ರೋಗಾಣು ಕೊಲ್ಲುವುದಕ್ಕೆ ಮಾಡಿದ್ದು. ಆ ಕೆಲಸಕ್ಕೆ ಚದರ ಸೆಂಟಿಮೀಟರಿಗೆ 40 ಮಿಲಿಜೌಲ್ ಬೆಳಕು ಸಾಕು. ನೆದರ್‌ಲ್ಯಾಂಡ್ಸ್‌ನ ಆಂಡೈಕ್ ಊರಿನಲ್ಲಿ 2004ರಿಂದ ಯುವಿಯಿಂದ ಕೀಟನಾಶಕ, ಕಳೆನಾಶಕಗಳನ್ನು ಒಡೆಯುವ ದೊಡ್ಡ ಘಟಕ ಇದೆ. ಅದನ್ನು ಕಟ್ಟಿದ್ದೇ ಚದರ ಸೆಂಟಿಮೀಟರಿಗೆ ಸುಮಾರು 540 ಮಿಲಿಜೌಲ್ ಬೆಳಕು ಕೊಡುವ ಹಾಗೆ, ಜೊತೆಗೆ ಹೈಡ್ರೋಜನ್ ಪೆರಾಕ್ಸೈಡ್ ಬೇರೆ ಬೆರೆಸುತ್ತಾರೆ. ನಮ್ಮ ಪುಟ್ಟ ದೀಪದ ಮುಂದೆ ನೀರು ಕೆಲವು ಸೆಕೆಂಡಿನಲ್ಲಿ ಹಾದುಹೋಗುತ್ತದೆ. ಮಳೆಗಾಲದಲ್ಲಿ ಬಾವಿ ನೀರು ರಾಡಿಯಾದರೆ ಆ ಬೆಳಕೂ ಒಳಗೆ ಇಳಿಯುವುದಿಲ್ಲ.

ಬಾವಿ ನೀರನ್ನು ಲ್ಯಾಬಿನಲ್ಲಿ ಪರೀಕ್ಷಿಸುವುದಕ್ಕೆ ತುಂಬಿಕೊಳ್ಳಲು ಶನಿವಾರ ಕಂದು ಬಣ್ಣದ ಗಾಜಿನ ಬಾಟಲಿ ತೊಳೆದು ತರುತ್ತೇನೆ. ಪ್ಲಾಸ್ಟಿಕ್ಕಿನಲ್ಲಿ ನೀರು ತುಂಬಿಡಬೇಡ, ಔಷಧಿಯನ್ನು ಅದು ಗಾಜಿಗಿಂತ ಜಾಸ್ತಿ ಹೀರಿಕೊಳ್ಳುತ್ತದೆ. ಅಲ್ಲಿಯವರೆಗೆ ನೀನೂ ಅಜ್ಜನೂ ಕುಡಿಯುವುದಕ್ಕೆ ನಲ್ಲಿ ನೀರನ್ನೇ ತನ್ನಿ. ಈ ಸಲ ಯಾವ ಎಣ್ಣೆ ಹೊಡೆದರು ಅಂತ ಅಜ್ಜನನ್ನು ಕೇಳು. ಖಾಲಿ ಡಬ್ಬಿ ಹಿತ್ತಲಲ್ಲಿ ಬಿದ್ದಿರುತ್ತದೆ. ಮುಟ್ಟಬೇಡ, ಹೆಸರು ಕಾಣುವ ಹಾಗೆ ಫೋಟೋ ತೆಗೆದು ಕಳಿಸು. ಹೆಸರು ಗೊತ್ತಾದರೆ ಅದರ ಜೊತೆ ಅದು ಒಡೆದು ಹುಟ್ಟುವುದನ್ನೂ ಹುಡುಕಬಹುದು.

ನಿನ್ನ ಅಮ್ಮ