ಮುಟ್ಟಿದ್ದು ತಿಳಿದರೆ ಸಾಲದು, ಬಿಸಿಯೂ ತಿಳಿಯಬೇಕು

ಮಾನ್ಯ ಸಂಪಾದಕರೇ,

ಬೇಸಿಗೆ ಏರುತ್ತಿದ್ದಂತೆ ಕಲಬುರಗಿ, ಯಾದಗಿರಿ ಜಿಲ್ಲೆಗಳ ಹಳ್ಳಿಗಳಲ್ಲಿ ಜನ ಮಾಳಿಗೆಯ ಮೇಲೆ ಹಾಸಿಗೆ ಹಾಸುತ್ತಾರೆ. ಸುತ್ತ ಮೋಟುಗೋಡೆ ಇಲ್ಲದ ಮಾಳಿಗೆಯಿಂದ ನಿದ್ದೆಗಣ್ಣಿನಲ್ಲಿ ಕೆಳಗೆ ಬಿದ್ದವರು, ಹುಣಸೆಹಣ್ಣು ಉದುರಿಸಲು ಮರ ಹತ್ತಿ ಜಾರಿದವರು, ತೊಗರಿ ಚೀಲ ಹೇರಿದ ಟ್ರ್ಯಾಕ್ಟರಿನ ಮೇಲಿಂದ ಉರುಳಿದವರು, ಹೀಗೆ ಪೆಟ್ಟು ತಿಂದವರ ಸುದ್ದಿ ಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ ನಾಲ್ಕು ಸಾಲಿನಲ್ಲಿ ಬಂದು, ‘ಬೆನ್ನಿಗೆ ಪೆಟ್ಟಾಗಿ ಕಾಲುಗಳ ಸ್ವಾಧೀನ ತಪ್ಪಿದೆ’ ಎಂಬಲ್ಲಿಗೆ ಮುಗಿಯುತ್ತದೆ. ಇಂಥವರ ಆರೈಕೆಯನ್ನೇ ವೃತ್ತಿ ಮಾಡಿಕೊಂಡಿರುವ ಫಿಸಿಯೋಥೆರಪಿಸ್ಟ್ ಆಗಿ ನಾನು ಹೇಳಬೇಕೆಂದಿರುವುದು ಒಂದೇ ವಿಷಯ. ಕಾಲಿನ ಬಲ ಹೋದದ್ದು ಎಲ್ಲರ ಕಣ್ಣಿಗೂ ಬೀಳುತ್ತದೆ. ಅದೇ ಕಾಲಿನ ಅರಿವು ಎಷ್ಟು ಹೋಗಿದೆ, ಯಾವ ಬಗೆಯದು ಹೋಗಿದೆ ಎಂದು ಮನೆಯವರು ವಿಚಾರಿಸುವುದೇ ಇಲ್ಲ, ಅವರಿಗೆ ಯಾರೂ ತಿಳಿಸಿಕೊಡುವುದೂ ಇಲ್ಲ. ಮನೆಗೆ ಮರಳಿದ ಮೇಲೆ ರೋಗಿಯ ಜೀವಕ್ಕೆ ಕುತ್ತು ತರುವುದು ಬಹಳ ಸಲ ಈ ಎರಡನೆಯದೇ.

ಬೆನ್ನುಹುರಿಯು ವಯಸ್ಕರಲ್ಲಿ ಸುಮಾರು 42ರಿಂದ 45 ಸೆಂಟಿಮೀಟರ್ ಉದ್ದವಿದ್ದು, ಕಿರುಬೆರಳಿನಷ್ಟು ದಪ್ಪವಾಗಿ, ಸೊಂಟದ ಮೊದಲನೆಯ ಅಥವಾ ಎರಡನೆಯ ಕಶೇರುವಿನ, ಅಂದರೆ ಬೆನ್ನೆಲುಬಿನ ಮಣಿಯ, ಮಟ್ಟದಲ್ಲಿ ಮುಗಿಯುತ್ತದೆ. ಅದರಿಂದ 31 ಜೊತೆ ನರಗಳು ಹೊರಡುತ್ತವೆ. ಪ್ರತಿ ನರಕ್ಕೂ ಎರಡು ಬೇರುಗಳಿದ್ದು, ಮುಂದಿನ ಬೇರು ಸ್ನಾಯುಗಳಿಗೆ ಆಜ್ಞೆಯನ್ನು ಒಯ್ಯುತ್ತದೆ, ಹಿಂದಿನ ಬೇರು ಚರ್ಮ ಮತ್ತು ಕೀಲುಗಳಿಂದ ವರದಿಯನ್ನು ತರುತ್ತದೆ. ಫ್ರಾನ್ಸಿನ ಫ್ರಾನ್ಸ್ವಾ ಮಜಾಂದಿ ಇದನ್ನು 1822ರಲ್ಲಿಯೇ ಪ್ರಯೋಗದಿಂದ ತೋರಿಸಿದ್ದರು. ಆಜ್ಞೆಯ ದಾರಿ ಮಿದುಳಿನ ಹೊರಪದರದಲ್ಲಿ ಹುಟ್ಟಿ, ಮೆಡುಲ್ಲಾ ಎಂಬ ಮಿದುಳಿನ ಬುಡದಲ್ಲಿ ಬಹುಪಾಲು ತಂತುಗಳು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ದಾಟಿ, ಬೆನ್ನುಹುರಿಯ ಪಕ್ಕದ ಭಾಗದಲ್ಲಿ ಕೆಳಗಿಳಿಯುತ್ತದೆ. ಮಿದುಳಿನ ಎಡಭಾಗಕ್ಕೆ ಲಕ್ವ ಹೊಡೆದರೆ ಬಲಗೈ ಬಲಗಾಲು ಬೀಳುವುದು ಈ ದಾಟುವಿಕೆಯಿಂದಲೇ. ಇಷ್ಟನ್ನು ನಮ್ಮ ಜನ ಬಲ್ಲರು.

ಅರಿವಿನ ದಾರಿ ಮಾತ್ರ ಒಂದೇ ಅಲ್ಲ. ನವಿರಾದ ಸ್ಪರ್ಶ, ಕಂಪನ, ಕಣ್ಣು ಮುಚ್ಚಿದಾಗಲೂ ಕಾಲಿನ ಹೆಬ್ಬೆರಳು ಮೇಲಿದೆಯೋ ಕೆಳಗಿದೆಯೋ ಎಂಬ ತಿಳಿವು, ಇವೆಲ್ಲ ಬೆನ್ನುಹುರಿಯ ಹಿಂಭಾಗದ ಕಂಬಗಳಲ್ಲಿ ಅದೇ ಬದಿಯಲ್ಲಿಯೇ ಮೇಲೇರಿ, ಮೆಡುಲ್ಲಾದಲ್ಲಿ ದಾಟಿ, ಮಿದುಳಿನ ಒಳಗಿನ ಥಲಾಮಸ್ ಎಂಬ ಭಾಗದ ಮೂಲಕ ಮಿದುಳಿನ ಹೊರಪದರವನ್ನು ಮುಟ್ಟುತ್ತವೆ. ಕಾಲಿನ ಬೆರಳ ತುದಿಯಿಂದ ಮೆಡುಲ್ಲಾದವರೆಗೆ ಈ ದಾರಿಯಲ್ಲಿ ಇರುವುದು ಒಂದೇ ಜೀವಕೋಶದ ತಂತು, ಒಂದು ಮೀಟರಿಗೂ ಮಿಕ್ಕಿದ ಉದ್ದದ್ದು. ಎಷ್ಟು ಸಲ ನೆನೆದರೂ ನನಗೆ ಅದು ಅಚ್ಚರಿಯೇ. ನೋವು, ಬಿಸಿ ಮತ್ತು ತಂಪಿನ ವರದಿಗಳು ಈ ದಾರಿ ಹಿಡಿಯುವುದಿಲ್ಲ. ಅವು ಬೆನ್ನುಹುರಿಯನ್ನು ಸೇರಿ ಒಂದೆರಡು ಮಟ್ಟ ಏರುವಷ್ಟರಲ್ಲಿಯೇ ಎದುರು ಬದಿಗೆ ದಾಟಿ, ಮುಂಭಾಗ ಮತ್ತು ಪಕ್ಕದ ದಾರಿಯಲ್ಲಿ ಮೇಲಕ್ಕೆ ಹೋಗುತ್ತವೆ. ಇದರಿಂದಲೇ ಬೆನ್ನುಹುರಿಯ ಅರ್ಧಭಾಗಕ್ಕೆ ಮಾತ್ರ ಚೂರಿಯ ಇರಿತವಾದವನಲ್ಲಿ ಗಾಯವಾದ ಬದಿಯ ಕಾಲು ಬಲ ಕಳೆದುಕೊಂಡರೂ ಸೂಜಿ ಚುಚ್ಚಿದ್ದು ಅದಕ್ಕೆ ಗೊತ್ತಾಗುತ್ತದೆ, ಇನ್ನೊಂದು ಕಾಲು ಚೆನ್ನಾಗಿ ಆಡುತ್ತಿದ್ದರೂ ಚುಚ್ಚಿದ್ದು ಅದಕ್ಕೆ ಗೊತ್ತಾಗುವುದಿಲ್ಲ. ಮಾರಿಷಸ್‌ನಲ್ಲಿ 1817ರಲ್ಲಿ ಹುಟ್ಟಿದ ವೈದ್ಯ ಬ್ರೌನ್-ಸೆಕಾರ್ ಇದನ್ನು ವಿವರಿಸಿದ್ದರಿಂದ ಇಂದಿಗೂ ಆ ಸ್ಥಿತಿಗೆ ಅವರ ಹೆಸರೇ ಇದೆ.

ಇದು ವೈದ್ಯಕೀಯ ಕಾಲೇಜಿನ ಪಾಠ, ಓದುಗರಿಗೆ ಏಕೆ ಎಂದು ಯಾರಾದರೂ ಕೇಳಬಹುದು. ಎತ್ತರದಿಂದ ಬಿದ್ದಾಗ ಕಶೇರು ಒಡೆದು ಅದರ ಚೂರು ಬೆನ್ನುಹುರಿಯನ್ನು ಮುಂದಿನಿಂದ ಒತ್ತುವುದುಂಟು. ಆಗ ಬಲದ ದಾರಿಯೂ ನೋವು, ಬಿಸಿಯ ದಾರಿಯೂ ಕೆಡುತ್ತವೆ. ಹಿಂಭಾಗದ ಕಂಬಗಳು ಮಾತ್ರ ಉಳಿದುಕೊಳ್ಳುತ್ತವೆ. ಹುಣಸೆ ಮರದಿಂದ ಬಿದ್ದ ಯಾದಗಿರಿ ಕಡೆಯ ಒಬ್ಬ ಯುವಕನ ಸ್ಥಿತಿ ಹೀಗೆಯೇ ಇತ್ತು. ತಾಯಿ ಅವನ ಪಾದ ಸವರಿ, ‘ಗೊತ್ತಾಗತದೇನಪ್ಪಾ?’ ಎಂದು ಕೇಳಿದಾಗ, ‘ಹೂಂ ಯವ್ವಾ, ಗೊತ್ತಾಗತದ’ ಎಂದಿದ್ದ. ಜೀವ ಮರಳುತ್ತಿದೆ ಎಂಬ ಆಸೆಯಿಂದ ಆಕೆ ಇಟ್ಟಿಗೆ ಕಾಯಿಸಿ, ಅರಿವೆಯಲ್ಲಿ ಸುತ್ತಿ, ರಾತ್ರಿ ಆ ಪಾದಕ್ಕೆ ಕಾವು ಕೊಟ್ಟಿದ್ದರು. ಮರುದಿನ ನಾನು ನೋಡಿದಾಗ ಹಿಮ್ಮಡಿಯ ಮೇಲೆ ನೀರು ತುಂಬಿದ ದೊಡ್ಡ ಬೊಬ್ಬೆ, ಅದರ ಅಂಚಿನಲ್ಲಿ ಬೆಳ್ಳಗಾದ ಚರ್ಮ. ಅವನಿಗೆ ನೋವೆಂಬುದೇ ಇರಲಿಲ್ಲ. ಹತ್ತಿ ತಾಗಿಸಿದರೆ ಎಲ್ಲಿ ತಾಗಿತೆಂದು ಸರಿಯಾಗಿ ಹೇಳುತ್ತಿದ್ದವನು, ಒಂದು ಗಾಜಿನ ನಳಿಗೆಯಲ್ಲಿ ತಣ್ಣೀರು, ಇನ್ನೊಂದರಲ್ಲಿ ಉಗುರುಬೆಚ್ಚಗಿನ ನೀರು ತುಂಬಿ ಅದೇ ಪಾದಕ್ಕೆ ತಾಗಿಸಿದಾಗ ಎರಡೂ ಒಂದೇ ಎನ್ನುತ್ತಿದ್ದ. ತಾಯಿ ಮಾಡಿದ್ದು ತಿಳಿಯದೇ ಮಾಡಿದ್ದು. ಸ್ಪರ್ಶ ಉಳಿದರೂ ಬಿಸಿಯ ಅರಿವು ಹೋಗಿರಬಹುದು, ಆದ್ದರಿಂದ ಕಾವು ಕೊಡಬೇಡಿ ಎಂಬ ಒಂದು ಮಾತನ್ನು ಆಸ್ಪತ್ರೆಯಿಂದ ಬಿಡುಗಡೆ ಮಾಡುವಾಗ ಆಕೆಗೆ ಹೇಳಬೇಕಾದವರು ಹೇಳಿರಲಿಲ್ಲ. ಆ ಗಾಯ ಮಾಯಲು ತಿಂಗಳುಗಳೇ ಹಿಡಿದವು.

ಹಾಸಿಗೆ ಹುಣ್ಣಿನ ಮೂಲವೂ ಇಲ್ಲಿಯೇ ಇದೆ. ಆರೋಗ್ಯವಂತ ಮನುಷ್ಯ ಗಾಢ ನಿದ್ದೆಯಲ್ಲಿಯೂ ಮಗ್ಗುಲು ಬದಲಿಸುತ್ತಾನೆ, ಏಕೆಂದರೆ ಒತ್ತಿದ ಜಾಗದ ಕಿರಿಕಿರಿ ಬೆನ್ನುಹುರಿಯ ಮೂಲಕ ಮೇಲಕ್ಕೆ ತಲುಪುತ್ತದೆ, ಹೊರಳುವ ಆಜ್ಞೆ ಕೆಳಕ್ಕೆ ಬರುತ್ತದೆ. ಎರಡೂ ದಾರಿ ಕಡಿದವನಿಗೆ ಕೆಲವೇ ಗಂಟೆಗಳ ಒತ್ತಡದಿಂದ ಸೊಂಟದ ಹಿಂಭಾಗ, ಸೊಂಟದ ಪಕ್ಕದ ಮೂಳೆಯುಬ್ಬು ಮತ್ತು ಹಿಮ್ಮಡಿಗಳಲ್ಲಿ ರಕ್ತಸಂಚಾರ ನಿಂತು ಮಾಂಸ ಸಾಯತೊಡಗುತ್ತದೆ. ಮೇಲೆ ಕೆಂಪು ಮಚ್ಚೆಯಾಗಿ ಕಾಣುವುದು ಒಳಗೆ ಮೂಳೆಯವರೆಗೂ ಕೊಳೆತಿರಬಹುದು. ಎರಡು ಗಂಟೆಗೊಮ್ಮೆ, ರಾತ್ರಿಯೂ ಸಹ, ಮಗ್ಗುಲು ಬದಲಿಸಬೇಕು, ದಿನಕ್ಕೊಮ್ಮೆ ಬೆನ್ನು ಮತ್ತು ಪಾದಗಳನ್ನು ಬೆಳಕಿನಲ್ಲಿ ನೋಡಬೇಕು. ಮೂತ್ರಕೋಶದ ನರಗಳು ಬೆನ್ನುಹುರಿಯ ತುದಿಭಾಗದಿಂದ ಹೊರಡುವುದರಿಂದ ಅದು ತುಂಬಿದ್ದೂ ರೋಗಿಗೆ ತಿಳಿಯದೆ ಹೋಗಬಹುದು. ವೇಳೆಗೆ ಸರಿಯಾಗಿ ಖಾಲಿ ಮಾಡದಿದ್ದರೆ ಸೋಂಕು ತಗುಲಿ ಮೂತ್ರಪಿಂಡಗಳಿಗೆ ಕೇಡು.

ಇನ್ನು ಬಿದ್ದ ಕ್ಷಣದ ಮಾತು. ನಮ್ಮ ಊರುಗಳಲ್ಲಿ ಬಿದ್ದವನ ಕಂಕುಳಿಗೆ ಇಬ್ಬರು ಕೈಹಾಕಿ, ಒಬ್ಬ ಕಾಲು ಹಿಡಿದು ಎತ್ತಿ, ಟಂಟಂ ಆಟೋ ಒಳಗೆ ಮಡಿಸಿ ಕೂರಿಸುವುದನ್ನು ನೋಡಿದ್ದೇನೆ. ಅದು ಪ್ರೀತಿಯಿಂದ, ಗಾಬರಿಯಿಂದ ನಡೆಯುವಂಥದ್ದು. ಆದರೆ ಒಡೆದ ಕಶೇರು ಆ ಒಂದು ಮಡಚುವಿಕೆಯಲ್ಲಿ ಸರಿದು, ಅಲ್ಲಿಯವರೆಗೆ ಉಳಿದುಕೊಂಡಿದ್ದ ದಾರಿಯನ್ನೂ ಕಡಿಯಬಹುದು. ಕೈಯ ನರ ತುಂಡಾದರೆ ಅದು ದಿನಕ್ಕೆ ಸುಮಾರು 1 ಮಿಲಿಮೀಟರಿನಂತೆ ಮತ್ತೆ ಬೆಳೆಯಬಲ್ಲದು. ಬೆನ್ನುಹುರಿಯ ತಂತುಗಳಿಗೆ ಆ ಭಾಗ್ಯ ಇಲ್ಲವೆಂದೇ ಹೇಳಬೇಕು. ಆದ್ದರಿಂದ 108ಕ್ಕೆ ಕರೆ ಮಾಡಿ, ಬೆಂಕಿಯಂಥ ಬೇರೆ ಅಪಾಯವಿಲ್ಲದಿದ್ದರೆ ಆಂಬುಲೆನ್ಸ್ ಬರುವವರೆಗೆ ಬಿದ್ದವನನ್ನು ಇದ್ದಲ್ಲಿಯೇ ಅಲುಗದಂತೆ ಇರಿಸುವುದು ಒಳ್ಳೆಯದು. ಸಾಗಿಸಲೇಬೇಕಾದರೆ ಒಬ್ಬರು ತಲೆ ಮತ್ತು ಕುತ್ತಿಗೆಯನ್ನು ಎರಡೂ ಕೈಗಳಿಂದ ಹಿಡಿದು, ಉಳಿದ ನಾಲ್ವರು ಭುಜ, ಸೊಂಟ, ಕಾಲುಗಳನ್ನು ಹಿಡಿದು, ಇಡೀ ಮೈ ಒಂದು ದಿಮ್ಮಿಯಂತೆ ಒಟ್ಟಿಗೇ ಹೊರಳುವಂತೆ ಮಾಡಿ ಕೆಳಗೆ ಗಟ್ಟಿ ಹಲಗೆಯನ್ನೋ ಕಳಚಿದ ಬಾಗಿಲನ್ನೋ ಸರಿಸಬೇಕು. ನೂಲಿನ ಹೊರಸು ನಡುವೆ ಜೋತು ಬೀಳುವುದರಿಂದ ಈ ಕೆಲಸಕ್ಕೆ ಬರುವುದಿಲ್ಲ. ರಸ್ತೆ ಅಪಘಾತವಾದಾಗ ಪೊಲೀಸ್ ತಾಪತ್ರಯಕ್ಕೆ ಹೆದರಿ ಹಿಂದೆ ಸರಿಯುವವರು, ನೆರವಾದವರಿಗೆ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಲ್ಲಿ ರಕ್ಷಣೆಯಿದೆ ಎಂಬುದನ್ನು ತಿಳಿದಿರಬೇಕು.

ಮೊದಲ ದಿನಗಳಲ್ಲಿ ಕಾಲುಗಳು ಪೂರ್ತಿ ಸಡಿಲವಾಗಿ ಬಿದ್ದಿರುವುದನ್ನು ಕಂಡು ಮನೆಯವರು ಆಸೆ ಬಿಡುವುದುಂಟು. ಪೆಟ್ಟಿನ ಆಘಾತದಿಂದ ಬೆನ್ನುಹುರಿ ಕೆಲವು ದಿನ ಅಥವಾ ವಾರಗಳ ಕಾಲ ಹೀಗೆ ಮೌನವಾಗಿರುತ್ತದೆ. ಮಲದ್ವಾರದ ಸುತ್ತ ಒಂದಿಷ್ಟು ಸ್ಪರ್ಶವಾದರೂ ಉಳಿದಿದ್ದರೆ ಪೆಟ್ಟು ಅಪೂರ್ಣ ಎಂದು ತಜ್ಞರು ಲೆಕ್ಕ ಹಾಕುತ್ತಾರೆ, ಅಂಥವರಲ್ಲಿ ಚೇತರಿಕೆಯ ಅವಕಾಶ ಹೆಚ್ಚು. ಅರಿವಿನ ಪರೀಕ್ಷೆಯನ್ನು ಮೊದಲೇ ಮಾಡಿ ಬರೆದಿಡಬೇಕು ಎಂದು ನಾನು ಒತ್ತಿ ಹೇಳುವುದಕ್ಕೆ ಇದೂ ಒಂದು ಕಾರಣ.

ಕಲಬುರಗಿ, ಬೀದರ್, ಯಾದಗಿರಿ ಮೂರೂ ಜಿಲ್ಲೆಗಳಲ್ಲಿ ಇಂದು ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. ಇಂಥ ರೋಗಿಯನ್ನು ಮನೆಗೆ ಕಳಿಸುವಾಗ ಕೊಡುವ ಚೀಟಿಯಲ್ಲಿ, ಮೈಯ ಯಾವ ಭಾಗದಲ್ಲಿ ಸ್ಪರ್ಶ ಉಳಿದಿದೆ, ಎಲ್ಲಿ ನೋವು ಮತ್ತು ಬಿಸಿಯ ಅರಿವು ಇಲ್ಲ ಎಂಬುದನ್ನು ಒಂದು ಮೈ ಚಿತ್ರದ ಮೇಲೆ ಗುರುತು ಹಾಕಿ, ಕನ್ನಡದಲ್ಲಿ ಬರೆದು ಕೊಡುವ ಪದ್ಧತಿಯನ್ನು ಈ ಆಸ್ಪತ್ರೆಗಳೂ ಖಾಸಗಿ ಆಸ್ಪತ್ರೆಗಳೂ ರೂಢಿಸಿಕೊಳ್ಳಬೇಕೆಂದು ಕೋರುತ್ತೇನೆ. ಇದಕ್ಕೆ ಹೊಸ ಯಂತ್ರ ಬೇಕಿಲ್ಲ. ಒಂದು ಹಾಳೆ ಮತ್ತು ಮನೆಯವರನ್ನು ಕೂರಿಸಿಕೊಂಡು ವಿವರಿಸುವ ಅರ್ಧ ಗಂಟೆ ಸಾಕು. ಆಶಾ ಕಾರ್ಯಕರ್ತೆಯರಿಗೆ ಹತ್ತಿ ಮತ್ತು ಎರಡು ಲೋಟ ನೀರಿನಿಂದ ಪಾದದ ಅರಿವು ನೋಡುವುದನ್ನು, ಹಾಸಿಗೆ ಹುಣ್ಣಿನ ಮೊದಲ ಗುರುತನ್ನು ಕಲಿಸಿದರೆ ತಿಂಗಳಿಗೊಮ್ಮೆಯ ಮನೆಭೇಟಿಯಲ್ಲಿಯೇ ಬಹಳಷ್ಟು ಕೇಡು ತಪ್ಪುತ್ತದೆ. ಗ್ರಾಮ ಪಂಚಾಯಿತಿಗಳು ಮನೆ ಕಟ್ಟಲು ನೆರವು ನೀಡುವಾಗ ಮಾಳಿಗೆಯ ಮೋಟುಗೋಡೆಯನ್ನೂ ಅಂದಾಜಿನಲ್ಲಿ ಸೇರಿಸಲಿ. ತಮ್ಮ ಪತ್ರಿಕೆಯೂ ಇಂಥ ಸುದ್ದಿ ಬಂದ ದಿನ ಅದರ ಪಕ್ಕದಲ್ಲಿ, ಬಿದ್ದವರನ್ನು ಎತ್ತುವ ಕ್ರಮವನ್ನು ಒಂದು ಸಣ್ಣ ಚೌಕಟ್ಟಿನಲ್ಲಿ ಅಚ್ಚು ಹಾಕಬೇಕೆಂದು ವಿನಂತಿಸುತ್ತೇನೆ.

ಇಂತಿ,
ತಮ್ಮ ವಿಶ್ವಾಸಿ,
ಒಬ್ಬ ಫಿಸಿಯೋಥೆರಪಿಸ್ಟ್
ಕಲಬುರಗಿ