ಗುರಿಸ್ಪರ್ಧೆಗೆ ಯಾವ ಪಿಸ್ತೂಲು?

ಮಾನ್ಯ ಸಂಪಾದಕರೇ,

2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಎರಡು ಕಂಚಿನ ಪದಕ ಗೆದ್ದ ಬಳಿಕ ಮಕ್ಕಳನ್ನು ಶೂಟಿಂಗ್‌ಗೆ ಸೇರಿಸಲು ಮುಂದಾಗಿರುವ ಕೆಲವು ಪೋಷಕರು, ಕ್ಯಾಲಿಬರ್ (ನಳಿಕೆಯ ಒಳವ್ಯಾಸ) ದೊಡ್ಡದಾದಷ್ಟೂ ಪಿಸ್ತೂಲು ಉತ್ತಮವೆಂದು ಭಾವಿಸಿರುವುದು ಕಳವಳದ ಸಂಗತಿ. ಆ ಎರಡೂ ಪದಕಗಳು ಬಂದದ್ದು ಗಾಳಿಯ ಒತ್ತಡದಿಂದ 4.5 ಮಿ.ಮೀ. ಪೆಲೆಟ್ (ಪುಟ್ಟ ಸೀಸದ ಗುಂಡು) ಹಾರಿಸುವ 10 ಮೀಟರ್ ಏರ್ ಪಿಸ್ತೂಲ್ ವಿಭಾಗದಲ್ಲಿ. 25 ಮೀಟರ್ ಸ್ಪರ್ಧೆಯ, ಇದಕ್ಕಿಂತ ದೊಡ್ಡದಾದ .22 ಇಂಚು ಕ್ಯಾಲಿಬರಿನ ಪಿಸ್ತೂಲಿಗಾದರೋ ಶಸ್ತ್ರ ಪರವಾನಗಿ ಬೇಕು, ಗುಂಡುಗಳ ಖರ್ಚೂ ನಿರಂತರ. ಕಲಿಕೆಯ ಆರಂಭಕ್ಕೆ ಅದು ಸೂಕ್ತವಲ್ಲ.

ಏರ್ ಪಿಸ್ತೂಲಿನ ತೂಕ 1500 ಗ್ರಾಂ ಮೀರಬಾರದು, ಟ್ರಿಗರ್ ಕನಿಷ್ಠ 500 ಗ್ರಾಂ ಭಾರ ತಡೆಯಬೇಕು (ಅದಕ್ಕಿಂತ ಕಡಿಮೆ ಭಾರಕ್ಕೆ ಗುಂಡು ಹಾರಬಾರದು) ಎಂಬ ನಿಯಮಗಳನ್ನು ಸ್ಪರ್ಧೆಗೆಂದೇ ತಯಾರಾದ ಪಿಸ್ತೂಲುಗಳು ಸಾಮಾನ್ಯವಾಗಿ ಪಾಲಿಸುತ್ತವೆ. ನಿಜವಾಗಿ ಪರೀಕ್ಷಿಸಬೇಕಾದದ್ದು ಹಿಡಿಯನ್ನು: ಅದು ಮಗುವಿನ ಅಂಗೈಗೆ ಸರಿಯಾಗಿ ಕೂರದಿದ್ದರೆ ಎಷ್ಟು ದುಬಾರಿ ಪಿಸ್ತೂಲಾದರೂ ಪ್ರಯೋಜನವಿಲ್ಲ. ಆದ್ದರಿಂದ ಖರೀದಿಗೆ ಮೊದಲೇ ಬೇರೆ ಬೇರೆ ಪಿಸ್ತೂಲುಗಳನ್ನು ಹಿಡಿದು ನೋಡುವ ಅವಕಾಶವನ್ನು ಕ್ರೀಡಾ ಇಲಾಖೆಯು ಜಿಲ್ಲಾ ಕೇಂದ್ರಗಳಲ್ಲಿ ಕಲ್ಪಿಸಬೇಕೆಂದು ವಿನಂತಿಸುತ್ತೇನೆ.

– ಓರ್ವ ಓದುಗ, ಮೈಸೂರು