60 ಸಾವಿರದ ಗಿಟಾರ್

ಶಿರಸಿ
ಭಾನುವಾರ ರಾತ್ರಿ

ಪ್ರೀತಿಯ ಅಪ್ಪಿ,

ಮಧ್ಯಾಹ್ನ ನಿನ್ನ ಆಯಿ ಫೋನ್ ಮಾಡಿದ್ದಳು. 60 ಸಾವಿರದ ಗಿಟಾರ್ ಬಂದ ಮೇಲೆಯೇ ಬ್ಯಾಂಡ್ ಅಂತ ಹಟ ಹಿಡಿದು ಕೂತಿದ್ದೀಯಂತೆ. "ಅವನ ತಲೆ ಕೆಡಿಸಿದ್ದು ನೀನು, ಬುದ್ಧಿನೂ ನೀನೇ ಹೇಳು" ಅಂತ ನನಗೇ ಬೈದಳು. ಬೈದಿದ್ದು ಸರಿ. ನಿನಗೆ ಎಂಟು ವರ್ಷ ಇದ್ದಾಗ ಜಗುಲಿಯಲ್ಲಿ ಕೂರಿಸಿಕೊಂಡು ಸಿಂಪ್ಸನ್ಸ್ ಕಾರ್ಟೂನ್ ತೋರಿಸಿದವನು ನಾನು. ಪಂಕ್ ಅನ್ನುವ ಒರಟು, ವೇಗದ ರಾಕ್ ನುಡಿಸುವ ರಾಮೋನ್ಸ್ ಬ್ಯಾಂಡಿನ ಹಾಡು ಹಾಕಿ, ಅಡಿಕೆ ಸುಲಿಯಲು ಬಂದವರೆಲ್ಲ ಕಿವಿ ಮುಚ್ಚಿಕೊಳ್ಳುವ ಹಾಗೆ ಮಾಡಿದವನೂ ನಾನೇ.

ಗಿಟಾರ್ ವಿಷಯಕ್ಕೆ ಬರುತ್ತೇನೆ. ನಿನ್ನ ಗೋಡೆಯ ಪೋಸ್ಟರ್‌ನಲ್ಲಿ ಕಾಲು ಅಗಲಿಸಿ ನಿಂತಿದ್ದಾನಲ್ಲ ರಾಮೋನ್ಸ್‌ನ ಗಿಟಾರಿಸ್ಟ್ ಜಾನಿ ರಾಮೋನ್, ಅವನು 1974ರಲ್ಲಿ ಗಿಟಾರ್ ಕೊಂಡಿದ್ದು ಸುಮಾರು 50 ಡಾಲರಿಗೆ. ನುಡಿಸಿದ್ದು ಹೇಗೆ? ಕೈ ಮೇಲಿಂದ ಕೆಳಗೆ, ಮತ್ತೆ ಮೇಲಿಂದ ಕೆಳಗೆ, ಅಷ್ಟೇ. ಸೋಲೋ ಗೀಲೋ ಕೇಳಬೇಡ. 1976ರ ಅವರ ಮೊದಲ ಆಲ್ಬಮ್‌ನಲ್ಲಿ 14 ಹಾಡು. ಎಲ್ಲಾ ಸೇರಿ ಅರ್ಧ ಗಂಟೆಯೂ ಆಗುವುದಿಲ್ಲ. ಶಿರಸಿಯಲ್ಲಿ ಕುಮಟಾ ಬಸ್ಸು ಹತ್ತಿ ಕಿವಿಗೆ ಹಾಕಿಕೊಂಡರೆ ದೇವಿಮನೆ ಘಟ್ಟ ಬರುವ ಮೊದಲೇ ಮುಗಿದಿರುತ್ತದೆ.

ಹಾಗಂತ ಸುಲಭ ಅಂದುಕೊಳ್ಳಬೇಡ. ನಾನು ಮಾಡಿ ನೋಡಿದ್ದೇನೆ. ಮೂರನೇ ಹಾಡಿಗೆ ಮುಂಗೈ ಮರಗಟ್ಟುತ್ತದೆ. ಆ ಮುಂಗೈ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ ಮಾರಾಯಾ.

ಧಾರವಾಡದಲ್ಲಿ ಓದುವಾಗ ನಾವೂ ಮೂರು ಜನ ಬ್ಯಾಂಡ್ ಮಾಡಿದ್ದೆವು. ನಿನಗೆ ಇದನ್ನು ಯಾವತ್ತೂ ಹೇಳಿಲ್ಲ, ನಾಚಿಕೆ. ಹೆಸರಿತ್ತು. ಒಂದು ನೋಟ್‌ಬುಕ್ ತುಂಬ ಹಾಡಿದ್ದವು. ಅದರಲ್ಲಿ ಒಂದು ಮೆಸ್ಸಿನ ಸಾರಿನ ಮೇಲೆ, ಈಗ ಓದಿದರೂ ನಗು ಬರುತ್ತದೆ. ಡ್ರಮ್ ಸೆಟ್ ಮಾತ್ರ ಇರಲಿಲ್ಲ. ಒಳ್ಳೆಯದೇ ತರೋಣ, ಸುಮ್ನೆ ಯಾಕೆ ಅವಸರ ಅಂತ ಎರಡು ವರ್ಷ ದುಡ್ಡು ಕೂಡಿಸಿದೆವು. ಅಷ್ಟರಲ್ಲಿ ಪರೀಕ್ಷೆ ಮುಗಿಯಿತು. ಒಬ್ಬ ಪುಣೆಗೆ ಹೋದ, ಒಬ್ಬ ಬ್ಯಾಂಕ್ ಸೇರಿದ. ನಾನು ತೋಟಕ್ಕೆ ಬಂದೆ. ಕೂಡಿಸಿದ ದುಡ್ಡನ್ನು ಮೂರು ಪಾಲು ಮಾಡಿದ್ದಾಯಿತು. ಒಬ್ಬರ ಎದುರಿಗಾದರೂ ಒಂದು ಹಾಡು ಹೇಳಲಿಲ್ಲ. ಬಕೆಟ್ ಬೋರಲು ಹಾಕಿ ಬಡಿದಿದ್ದರೂ ಆಗುತ್ತಿತ್ತು.

ನೀನು ಬೇಡರ ವೇಷ ನೋಡಿದವನು. ಮಾರಿಕಾಂಬಾ ಜಾತ್ರೆ ಇಲ್ಲದ ವರ್ಷದ ಹೋಳಿಯಲ್ಲಿ ನನ್ನ ಹೆಗಲ ಮೇಲೆ ಕೂತು ನೋಡಿ ಹೆದರಿ ಅತ್ತಿದ್ದೆ. ಆವತ್ತು ವೇಷ ಕಟ್ಟಿದ ಹುಡುಗ ವೆಲ್ಡಿಂಗ್ ಅಂಗಡಿಯವನು. ಮುಖಕ್ಕೆ ಕೆಂಪು ಬಣ್ಣ, ಹತ್ತಿಯ ದಪ್ಪ ಮೀಸೆ, ಬೆನ್ನಿಗೆ ನವಿಲುಗರಿ. ಸೊಂಟದ ಹಗ್ಗ ಹಿಂದಿನಿಂದ ಇಬ್ಬರು ಜಗ್ಗಿ ಹಿಡಿದಿದ್ದರು. ರಸ್ತೆ ಬದಿಯಲ್ಲಿ ಒಣಹುಲ್ಲಿಗೆ ಬೆಂಕಿ ಹಾಕಿ ತಮಟೆ ಕಾಯಿಸುತ್ತಿದ್ದರು. ಬೆರಳಲ್ಲಿ ಒಮ್ಮೆ ತಟ್ಟಿ ಕೇಳುವುದು, ಮತ್ತೆ ಬೆಂಕಿಗೆ ಹಿಡಿಯುವುದು. ಟ್ಯೂನಿಂಗ್ ಅಂದರೆ ಅಷ್ಟೇ. ಆಮೇಲೆ ಹೊಡೆದರು ನೋಡು, ಹೊಟ್ಟೆಯೊಳಗೆ ಕೇಳುತ್ತಿತ್ತು. ಪಂಕ್ ಅಂದರೇನು ಅಂತ ಯಾರಾದರೂ ಕೇಳಿದರೆ ನನಗೆ ಲಂಡನ್ನಿನ ಬ್ಯಾಂಡುಗಳಿಗಿಂತ ಮೊದಲು ಆ ಹುಡುಗನೇ ನೆನಪಾಗುತ್ತಾನೆ.

ಇನ್ನೊಂದು ಸುದ್ದಿ ಕೇಳಿ ಸಿಟ್ಟು ಬಂತು. ಕಾರ್ಟೂನ್ ಎಲ್ಲ ಮಕ್ಕಳಾಟ, ಬಿಟ್ಟುಬಿಟ್ಟೆ ಅಂದೆಯಂತೆ. ಮೂರ್ಖಾ! ಸಿಂಪ್ಸನ್ಸ್ ಮಾಡಿದ ಮ್ಯಾಟ್ ಗ್ರೇನಿಂಗ್ ಮೊದಲು ಲಾಸ್ ಏಂಜಲೀಸ್‌ನ ಒಂದು ರೆಕಾರ್ಡ್ ಅಂಗಡಿಯಲ್ಲಿ ಕೆಲಸಕ್ಕಿದ್ದ. ತಾನು ಬರೆದ ಕಾಮಿಕ್ಸ್ ಜೆರಾಕ್ಸ್ ಮಾಡಿಸಿ ಮಾರುತ್ತಿದ್ದ. ಎಲ್ಲಿ ಗೊತ್ತಾ? ಆ ಅಂಗಡಿಯ ಪಂಕ್ ಮೂಲೆಯಲ್ಲಿ, ಎರಡು ಡಾಲರಿಗೆ ಒಂದು. ಸೌತ್ ಪಾರ್ಕ್ ಅನ್ನುವ ಇನ್ನೊಂದು ಕಾರ್ಟೂನಿನ ಮೊದಲ ಕಂತು 1997ರಲ್ಲಿ ಬಂದಾಗ ಅದು ಬರೀ ಕತ್ತರಿಸಿದ ಬಣ್ಣದ ಕಾಗದ. ಆಮೇಲೆ ಕಂಪ್ಯೂಟರ್ ಬಂದರೂ ಕಾಗದದ ಹಾಗೇ ಕಾಣಲಿ ಅಂತ ಉಳಿಸಿಕೊಂಡರು. ಒಂದು ಕಂತನ್ನು ಆರೇ ದಿನದಲ್ಲಿ ಮಾಡಿ ಬಿಸಾಕುತ್ತಾರೆ. ಕೆಲವು ಸಲ ಹೊಲಸು ಜಾಸ್ತಿ, ಆಯಿ ಎದುರು ಹಾಕಬೇಡ.

1993ರಲ್ಲಿ ರಾಮೋನ್ಸ್ ಸಿಂಪ್ಸನ್ಸ್‌ಗೇ ಬಂದಿದ್ದರು. ಸಾಹುಕಾರ ಬರ್ನ್ಸ್ ಹುಟ್ಟುಹಬ್ಬಕ್ಕೆ ಬಂದು, ಹರಸುವ ಬದಲು ಬೈದು ಹೋಗುತ್ತಾರೆ. ಮುದುಕ ಅವರನ್ನು ರೋಲಿಂಗ್ ಸ್ಟೋನ್ಸ್ ಅನ್ನುವ ಬೇರೆ ಬ್ಯಾಂಡ್ ಅಂದುಕೊಂಡು, ರೋಲಿಂಗ್ ಸ್ಟೋನ್ಸ್‌ನವರನ್ನು ಮುಗಿಸಿಬಿಡಿ ಅನ್ನುತ್ತಾನೆ. ಅದನ್ನು ನೂರು ಸಲ ನೋಡಿದ್ದೇನೆ. ಆದರೆ ಮೊದಲ ಎಂಟು ಒಂಬತ್ತು ಸೀಸನ್ ಆದ ಮೇಲೆ ನನಗೆ ಸಿಂಪ್ಸನ್ಸ್ ಸಪ್ಪೆ. ಅದರಲ್ಲಿನ ಅಪ್ಪ ಹೋಮರ್ ಮೊದಲು ದಡ್ಡನಾದರೂ ಹೆಂಡತಿ ಮಕ್ಕಳ ಮೇಲೆ ಜೀವ ಇದ್ದವನು. ಆಮೇಲೆ ಬರೀ ದಡ್ಡ. ಫ್ಯಾಮಿಲಿ ಗೈ ಕಾರ್ಟೂನ್ ಬಗ್ಗೆ ನಮ್ಮಿಬ್ಬರ ಜಗಳ ಇದ್ದದ್ದೇ, ಇವತ್ತು ಬೇಡ. ನೀನು ಅರ್ಧಕ್ಕೇ ಬಿಟ್ಟ ಕಿಂಗ್ ಆಫ್ ದ ಹಿಲ್ ಮಾತ್ರ ಮತ್ತೆ ನೋಡು. ನಾಲ್ಕು ಜನ ಬೇಲಿ ಪಕ್ಕ ಬಿಯರ್ ಹಿಡಿದು ನಿಂತು, ಒಬ್ಬರಾದ ಮೇಲೆ ಒಬ್ಬರು 'ಹೂಂ' ಅನ್ನುತ್ತಾರೆ. ನಮ್ಮ ಸೊಸೈಟಿ ಎದುರು ಅಡಿಕೆ ದರ ಕೇಳಿ ನಿಂತವರೂ ಥೇಟ್ ಹಾಗೇ, ಬಿಯರ್ ಬದಲು ಎಲೆ ಅಡಿಕೆಯ ಕವಳ.

ನಿನ್ನ ಹಾಡುಗಳನ್ನು ಕಳಿಸಿದ್ದೆಯಲ್ಲ, ಓದಿದೆ. ರಾಗ ಗೊತ್ತಿಲ್ಲ, ಮಾತು ಹಿಡಿಸಲಿಲ್ಲ. ಹಿಮ, ಸಬ್‌ವೇ, ಪೊಲೀಸರ ಕುದುರೆ. ನಿಮ್ಮ ಕಾರವಾರದಲ್ಲಿ ಹಿಮ ಯಾವಾಗ ಬಿತ್ತೋ? ಪಂಕ್ ಬ್ಯಾಂಡ್ ಕ್ಲ್ಯಾಶ್‌ನವರು ಲಂಡನ್ ಬಗ್ಗೆ ಹಾಡಿದ್ದು ಅವರು ಅಲ್ಲಿದ್ದರು ಅಂತ. 2024ರ ಆಗಸ್ಟ್‌ನಲ್ಲಿ ನಡುರಾತ್ರಿ ಅಲ್ಲಿಯ ಕಾಳಿ ನದಿಯ ಹಳೆ ಸೇತುವೆ ಬಿದ್ದು ಲಾರಿ ಹೊಳೆಗೆ ಹೋಯಿತು. ಮರುದಿನ ಬೆಳಿಗ್ಗೆ ನೀನು ಹೋಗಿ ನೋಡಿ ಬಂದು ಫೋನಿನಲ್ಲಿ ಒಂದೇ ಉಸಿರಿಗೆ ಹೇಳಿದ್ದೆ, "ಮಾವ, ಇನ್ನೊಂದು ಸೇತುವೆ ಮೇಲೆ ಜನ ಸೆಲ್ಫಿ ತೆಗೀತಾ ಇದ್ದಾರೆ" ಅಂತ. ಅದು ಎರಡು ನಿಮಿಷದ ಹಾಡು. ಕನ್ನಡದಲ್ಲಿ ಬರಿ. ಬೇಕಾದರೆ ನಡುವೆ ಕೊಂಕಣಿಯಲ್ಲಿ ಬೈಯಿ, ಊರಿಗೆ ಅರ್ಥವಾಗುತ್ತದೆ.

ಅಟ್ಟದ ಮೇಲೆ ನನ್ನ ಧಾರವಾಡದ ಗಿಟಾರ್ ಇದೆ. ಎರಡು ತಂತಿ ಹೋಗಿವೆ, ಮಳೆಗಾಲದಲ್ಲಿ ಚೀಲಕ್ಕೆ ಬೂಷ್ಟು ಹಿಡಿದಿತ್ತು, ಒರೆಸಿ ಬಿಸಿಲಿಗೆ ಇಟ್ಟಿದ್ದೇನೆ. ಬುಧವಾರ ಬೆಳಗಿನ ಕಾರವಾರ ಬಸ್ಸಿಗೆ ಹಾಕಿ ಕಳಿಸುತ್ತೇನೆ. ಕಂಡಕ್ಟರ್ ನಂಬರ್ ಮೆಸೇಜ್ ಮಾಡುತ್ತೇನೆ, ಸ್ಟ್ಯಾಂಡಿಗೆ ಬೇಗ ಹೋಗು. ತಂತಿ ನೀನೇ ಹಾಕಿಸಿಕೋ. ಚೀಲದ ಜಿಪ್ ಹಾಳಾಗಿದೆ, ಸುತ್ತಿದ ಹಗ್ಗ ಬಿಚ್ಚುವಾಗ ನಿಧಾನ, ಒಳಗೆ ನೋಟ್‌ಬುಕ್ಕೂ ಇದೆ.

ನಿನ್ನ ಮಾವ